ಇಂಜಿನ್, ಗೇರ್‌ಬಾಕ್ಸ್ ಕೂರಿಸಿಕೊಡ್ತೇನೆ ಅಂದವರನ್ನು ನಂಬಿ ಕೆಟ್ಟೆ, ನೀವು ಹುಷಾರು

ಶಿರಸಿ, ಕುಮಟಾ ಕಡೆ ಯಾರಾದರೂ ಮನೆಯಲ್ಲೇ ಗಾಡಿ ಕಟ್ಟುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಸಾಮಾನೂ ನನ್ನದೇ, ಕೂರಿಸೋದೂ ನಾನೇ ಅನ್ನುವವರ ಕೈಗೆ ಪೂರ್ತಿ ದುಡ್ಡು ಕೊಡಬೇಡಿ. ನಾನು ಕೊಟ್ಟೆ. 38 ಸಾವಿರ. ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ತೋಟದಲ್ಲಿ ಓಡಿಸಲು ಒಂದು ಸಣ್ಣ ಬಗ್ಗಿ ಗಾಡಿ ಕಟ್ಟುತ್ತಿದ್ದೇನೆ. ಪೈಪಿನ ಚಾಸಿ, ಫೈಬರ್ ಬಾಡಿ ಕಿಟ್, ಎರಡು ಮಳೆಗಾಲದ ಕೆಲಸ. ಓಮ್ನಿ ಇಂಜಿನ್ನೇ ಬೇಕು ಅಂತ ಮೊದಲೇ ಗಟ್ಟಿ ಮಾಡಿದ್ದೆ. 796 ಸಿಸಿ, ಮೂರು ಸಿಲಿಂಡರ್. ಮಾರುತಿ 800ರಲ್ಲಿ ಇಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿಯಲ್ಲಿ ಉದ್ದಕ್ಕೆ ಕೂತು ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುತ್ತದೆ. ನನ್ನ ಚಾಸಿಗೆ ಅದೇ ಸರಿ.

ಕುಮಟಾ ಕಡೆಯ ಒಬ್ಬರ ಹತ್ತಿರ ಇಂಜಿನ್, ಗೇರ್‌ಬಾಕ್ಸ್ ಸೆಟ್ ಸಿಕ್ಕಿತು. ಹೆಸರು ಬರೆಯೋದಿಲ್ಲ. ದೇವಿಮನೆ ಘಾಟಿ ಹತ್ತಿಸಿ ಪಿಕಪ್‌ನಲ್ಲಿ ಅವರೇ ತಂದರು. "ಹೆಗಡೇರೇ, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ, ಸಂಜೆಗೆ ಗಾಡಿ ರೆಡಿ" ಅಂದರು. ನಾನು ಅಡಿಕೆ ಚೀಲ ಹಾಕಿಕೊಂಡು ಪೇಟೆಗೆ ಹೋದೆ. ಹೋಗಬಾರದಿತ್ತು.

ಸಂಜೆ ನೋಡಿದರೆ ಎಲ್ಲಾ ಸಿಲ್ವರ್ ಪೇಂಟ್ ಹೊಡೆದು ಫಳಫಳ. ನ್ಯೂಟ್ರಲ್‌ನಲ್ಲೇ ಇಂಜಿನ್ ಓಡಿಸಿ ತೋರಿಸಿದರು. ಗೇರ್ ಹಾಕಿ ನೋಡುವಾ ಅಂದೆ. "ಇವತ್ತು ಬೇಡ, ಆಯಿಲ್ ಇಳೀಲಿ, ನಾಳೆ ಹಾಕಿ" ಅಂದರು. ನಂಬಿದೆ. ಬಾಕಿಯನ್ನೂ ಕೊಟ್ಟೆ. ಊಟ ಹಾಕಿ ಕಳಿಸಿದೆವು.

ಮೂರು ದಿನ ಹೇಗೋ ಓಡಿತು. ನಾಲ್ಕನೇ ದಿನ ಕ್ಲಚ್ ಒತ್ತಿದರೂ ಗೇರ್ ಬೀಳಲಿಲ್ಲ. ಕರಕರ ಸದ್ದು, ಸುಟ್ಟ ವಾಸನೆ. ನಮ್ಮೂರ ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟರು. ಬೆಲ್ ಹೌಸಿಂಗ್‌ನಲ್ಲಿ, ಅಂದರೆ ಗೇರ್‌ಬಾಕ್ಸನ್ನು ಇಂಜಿನ್‌ಗೆ ಸೇರಿಸುವ, ಕ್ಲಚ್ ಮುಚ್ಚುವ ಕವಚದಲ್ಲಿ, ಬೋಲ್ಟ್ ಕೂರುವ ಕಿವಿಯ ಹತ್ತಿರ ಪೇಂಟ್ ಉಬ್ಬಿತ್ತು. ಸ್ಕ್ರೂ ಡ್ರೈವರ್ ತುದಿಯಿಂದ ಕೆರೆದರು. ಪೇಂಟ್ ಕೆಳಗೆ, ಒಡೆದ ಜಾಗಕ್ಕೆ ಮೆತ್ತಿದ ಎಂ-ಸೀಲ್ ಅಂಟು! ಒಂದು ಚೂರು ನನ್ನ ಅಂಗೈಗೆ ಬಿತ್ತು. ಅದರ ಮೇಲೆ ಒತ್ತಿದ ಬೆರಳಿನ ಗುರುತು ಹಾಗೇ ಇತ್ತು. ನಮ್ಮನೆ ಅಂಗಳದಲ್ಲೇ ಕೂತು ಮೆತ್ತಿ, ನಮ್ಮನೆಯಲ್ಲೇ ಊಟ ಮಾಡಿ ಹೋಗಿದ್ದಾರೆ.

ಗೇರ್‌ಬಾಕ್ಸ್ ಇಳಿಸಿದಾಗ ಉಳಿದದ್ದೂ ಗೊತ್ತಾಯಿತು. ಇಂಜಿನ್‌ಗೂ ಅದಕ್ಕೂ ನಡುವೆ ಇದ್ದು ಎರಡನ್ನೂ ನೇರಕ್ಕೆ ಹಿಡಿಯಬೇಕಾದ ಡೋವೆಲ್ ಪಿನ್ ಎರಡೂ ಇಲ್ಲ. ಕ್ಲಚ್ ಪ್ಲೇಟ್ ಸೆಂಟರ್ ಮಾಡೇ ಇಲ್ಲ. ಪ್ಲೇಟ್ ಸೆಂಟರ್ ಇದ್ದರೆ ಗೇರ್‌ಬಾಕ್ಸ್ ಶಾಫ್ಟ್ ಸೀದಾ ಹೋಗಿ ಬೇರಿಂಗ್‌ನಲ್ಲಿ ಕೂರುತ್ತದೆ, ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದರೇ ಇಂಜಿನ್‌ಗೆ ಅಂಟಿಕೊಳ್ಳುತ್ತದೆ. ಇವರು ಸಂದಿ ಉಳಿದರೂ ಬೋಲ್ಟ್ ಹಾಕಿ ಸ್ಪ್ಯಾನರ್‌ನಲ್ಲಿ ಎಳೆದಿದ್ದಾರೆ. ಅಲ್ಯೂಮಿನಿಯಂ, ಒಡೆಯದೆ ಇರುತ್ತದಾ?

ಫೋನ್ ಮಾಡಿದೆ. "ಹಳೇ ಸಾಮಾನು ಹೆಗಡೇರೇ, ಗ್ಯಾರಂಟಿ ಯಾರು ಕೊಡ್ತಾರೆ?" ಹಳೇ ಸಾಮಾನು ಅಂತ ನನಗೂ ಗೊತ್ತು. ಎಂ-ಸೀಲ್ ಹಳೇದಾ? ಎರಡನೇ ಸಲ, "ನಿಮ್ಮ ಚಾಸಿನೇ ಸೊಟ್ಟ ಇದೆ." ಮೂರನೇ ಸಲ, "ಘಾಟಿಯಲ್ಲಿ ತರುವಾಗ ಬಡಿದು ಒಡೆದಿರಬೇಕು." ಹಾಗಾದ್ರೆ ಎಂ-ಸೀಲ್ ಮೆತ್ತುವಾಗ ನನಗೆ ಯಾಕೆ ಹೇಳಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಹೂಂ, ನೋಡುವಾ" ಅಂದರು. ನೋಡುವಾ ಅಂದು ಹನ್ನೊಂದು ದಿನ ಆಯಿತು. ಈಗ ಫೋನ್ ಎತ್ತುತ್ತಿಲ್ಲ. ಇಂಜಿನ್ ಬಿಚ್ಚಿದ ಗಾಡಿಯ ಆರ್‌ಸಿ ನಕಲು ವಾಟ್ಸಾಪ್ ಮಾಡ್ತೇನೆ ಅಂದಿದ್ದರು, ಅದೂ ಬಂದಿಲ್ಲ.

ಆರ್‌ಸಿಯಲ್ಲಿರುವ ಇಂಜಿನ್ ನಂಬರನ್ನು ಬ್ಲಾಕ್ ಮೇಲಿನ ನಂಬರಿಗೆ ತಾಳೆ ನೋಡದೆ ದುಡ್ಡು ಬಿಚ್ಚಬೇಡಿ. ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ, ಅಡಿಕೆ ನಾಳೆ ಮಾರಿದರೂ ಆಗುತ್ತದೆ. ಪೇಂಟ್ ಹೊಡೆಯಲು ಬಿಡಲೇಬೇಡಿ. ಗೇರ್ ಹಾಕಿ ಒಂದು ಏರು ಹತ್ತಿಸಿದ ಮೇಲೇ ಬಾಕಿ ಕೊಡಿ.

ಒಡೆದ ಹೌಸಿಂಗ್, ಆ ಎಂ-ಸೀಲ್ ಚೂರು ಎರಡನ್ನೂ ಎತ್ತಿಟ್ಟಿದ್ದೇನೆ. ಕುಮಟಾ ಕಡೆ ಓಮ್ನಿ ಸೆಟ್ ನೋಡಲು ಹೊರಟವರಿದ್ದರೆ ಮೊದಲು ನಮ್ಮನೆಗೆ ಬಂದು ಅದನ್ನು ನೋಡಿಕೊಂಡು ಹೋಗಿ.