ಚಿಪ್ ಹಾಕಿದ ಏಷ್ಯನ್ ಅರೋವಾನಾ: ಮೀನಿಗಿಂತ ಮೊದಲು ಕಾಗದ ನೋಡಿ

‘ಚಿಪ್ ಇದೆ, ಸರ್ಟಿಫಿಕೇಟ್ ಇದೆ’ ಎಂದು ಮಾರುವ ಏಷ್ಯನ್ ಅರೋವಾನಾ ಕೊಳ್ಳಬಹುದೇ? ಕಾಗದಪತ್ರ ಪೂರ್ತಿ ಇದ್ದರೆ ಧಾರಾಳವಾಗಿ ಕೊಳ್ಳಬಹುದು. ಮೀನಿನ ಅಂದಕ್ಕೆ ಎರಡು ಮಾತಿಲ್ಲ. ಆದರೆ ಜೊತೆಗೆ ಕೊಡುವ ಹೊಳೆಯುವ ಕಾರ್ಡನ್ನೇ ಕಾನೂನಿನ ದಾಖಲೆ ಎಂದು ನಂಬಿ ದುಡ್ಡು ಕೊಟ್ಟರೆ ಮೀನೂ ಹೋದೀತು, ಕೇಸೂ ಬಿದ್ದೀತು.

ಈ ಮೀನಿನ ಸೂಪರ್ ರೆಡ್, ಕ್ರಾಸ್‌ಬ್ಯಾಕ್ ಗೋಲ್ಡನ್, ರೆಡ್ ಟೇಲ್ ಗೋಲ್ಡ್, ಗ್ರೀನ್ ಬಗೆಗಳೆಲ್ಲವೂ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಒಂದನೇ ಅನುಬಂಧಕ್ಕೆ ಸೇರಿದವು. ಅಂದರೆ ಕಾಡಿನಿಂದ ಹಿಡಿದ ಮೀನಿನ ವ್ಯಾಪಾರಕ್ಕೆ ಅವಕಾಶವೇ ಇಲ್ಲ. ಗಂಡು ಮೀನು ಮೊಟ್ಟೆ-ಮರಿಗಳನ್ನು ಸುಮಾರು ಎರಡು ತಿಂಗಳು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅದೂ ಒಂದು ಸಲಕ್ಕೆ ಕೆಲವೇ ಡಜನ್. ಮರಿಯ ಆಸೆಗೆ ಆ ಗಂಡನ್ನು ಹಿಡಿದರೆ ಇಡೀ ಸಂಸಾರವೇ ಹೋದಂತೆ. ನಿರ್ಬಂಧ ಇಷ್ಟು ಬಿಗಿಯಾಗಿರುವುದು ಸರಿಯೇ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಿಲ್ವರ್ ಅರೋವಾನಾ ಬೇರೆ ಜಾತಿ, ಅದಕ್ಕೆ ಈ ತಾಪತ್ರಯವಿಲ್ಲ. ಸಿಲ್ವರ್‌ನ ಬೆನ್ನಿನ ರೆಕ್ಕೆ ಉದ್ದವಾಗಿ ಬಾಲದವರೆಗೂ ಹೋಗುತ್ತದೆ. ಏಷ್ಯನ್‌ನದು ಗಿಡ್ಡ, ಹಿಂಭಾಗದಲ್ಲಷ್ಟೇ ಇರುತ್ತದೆ, ಹುರುಪೆಗಳೂ ದೊಡ್ಡವು.

ಈಗ ಚಿಪ್. ಮೀನಿನ ಗುರುತಿನ ಸಂಖ್ಯೆ ಹೊತ್ತ, ಗಾಜಿನ ಕವಚದೊಳಗಿನ, ಅಕ್ಕಿಕಾಳಿಗಿಂತ ತುಸು ದೊಡ್ಡ ತುಣುಕು. ಸಾಮಾನ್ಯ ಅಳತೆ 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಬೆನ್ನಿನ ಮಾಂಸದೊಳಗೆ ಸೂಜಿಯಿಂದ ಸೇರಿಸುತ್ತಾರೆ. ಬ್ಯಾಟರಿ ಇಲ್ಲ, ಹಾಗಾಗಿ ಮೀನು ಬದುಕಿರುವಷ್ಟು ಕಾಲವೂ ಓದಬಹುದು. ಪರೀಕ್ಷೆಯನ್ನು ಮೀನು ಪಾಲಿಥೀನ್ ಚೀಲದಲ್ಲಿರುವಾಗಲೇ ಮುಗಿಸಿಕೊಳ್ಳಿ. ಸ್ಕ್ಯಾನರ್ ಚೀಲಕ್ಕೆ ತಾಗುವಂತಿರಲಿ, ತಲೆಯ ಹಿಂದಿನಿಂದ ಬಾಲದ ಕಡೆಗೆ ನಿಧಾನವಾಗಿ ಸರಿಸಿ. ದೊಡ್ಡ ಟ್ಯಾಂಕಿಗೆ ಬಿಟ್ಟ ಮೇಲೆ ಮೀನು ಗಾಜಿನ ಹತ್ತಿರ ಬರುವವರೆಗೂ ಕಾಯಬೇಕಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್, ಓಡುತ್ತಿರುವ ಪಂಪು, ಟ್ಯೂಬ್‌ಲೈಟಿನ ಚೋಕ್ ಎಲ್ಲವೂ ಅಡ್ಡಿ ಮಾಡುತ್ತವೆ. ಐಎಸ್‌ಒ ಮಾದರಿಯ ಚಿಪ್ 134.2 ಕಿಲೋಹರ್ಟ್ಸ್‌ನಲ್ಲಿ 15 ಅಂಕಿ ತೋರಿಸುತ್ತದೆ. 125 ಅಥವಾ 128 ಕಿಲೋಹರ್ಟ್ಸ್‌ನ ಚಿಪ್‌ಗಳೂ ಇವೆ, ಅಗ್ಗದ ಸ್ಕ್ಯಾನರ್‌ಗೆ ಅವು ಕಾಣುವುದೇ ಇಲ್ಲ. ಏನೂ ಬರಲಿಲ್ಲವೆಂದ ಮಾತ್ರಕ್ಕೆ ಚಿಪ್ ಇಲ್ಲ ಎಂದಲ್ಲ, ಎಲ್ಲ ಬಗೆಯನ್ನೂ ಓದುವ ಸ್ಕ್ಯಾನರ್ ತರಿಸಿ ಎಂದು ಹೇಳಿ. ಅಂಕಿಗಳನ್ನು ಕಾಗದದಲ್ಲಿರುವ ಸಂಖ್ಯೆಯ ಜೊತೆ ಕೊನೆಯವರೆಗೂ ಹೋಲಿಸಬೇಕು. ಮೊದಲ ಮೂರು ಅಂಕಿ ದೇಶದ ಇಲ್ಲವೇ ತಯಾರಕರ ಸಂಕೇತ. ಒಂದೇ ಕಂತಿನ ಚಿಪ್‌ಗಳಲ್ಲಿ ವ್ಯತ್ಯಾಸವಿರುವುದು ಬಹುತೇಕ ಕೊನೆಯ ಅಂಕಿಗಳಲ್ಲಿ. ಸತ್ತ ಮೀನಿನ ಸರ್ಟಿಫಿಕೇಟನ್ನು ಇನ್ನೊಂದರ ಜೊತೆ ದಾಟಿಸುವ ಮೋಸ ಸಿಕ್ಕಿಬೀಳುವುದು ಇಲ್ಲೇ. ತೀರಾ ಎಳೆಯ ಮರಿಗೆ ಚಿಪ್ ಹಾಕಲಾಗದು. ‘ಆಮೇಲೆ ಹಾಕಿಸಿಕೊಡ್ತೀವಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದದ ವಿಷಯಕ್ಕೆ ಬಂದರೆ, ಫಾರ್ಮ್ ಕೊಡುವ ಸರ್ಟಿಫಿಕೇಟ್ ಬರೀ ಮಾರಾಟಗಾರರ ಹೇಳಿಕೆ. ಕೇಳಬೇಕಾದ್ದು ಸೈಟಿಸ್ ರಫ್ತು ಪರವಾನಗಿಯ ಪ್ರತಿ. ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರಗಳಲ್ಲಿ ಸೈಟಿಸ್‌ನಲ್ಲಿ ನೋಂದಾಯಿಸಿದ ಫಾರ್ಮ್‌ಗಳಿವೆ. ಅಲ್ಲಿ ವ್ಯಾಪಾರಕ್ಕೆಂದೇ ಸಾಕಿದ ಮೀನಾದರೆ ಪರವಾನಗಿಯ ಮೂಲದ ಕಾಲಂನಲ್ಲಿ ‘ಡಿ’ ಅಕ್ಷರ ಇರಬೇಕು. ‘ಡಬ್ಲ್ಯೂ’ ಇದ್ದರೆ ಕಾಡಿನಿಂದ ಹಿಡಿದದ್ದು ಎಂದರ್ಥ, ಮುಟ್ಟಲೇಬೇಡಿ. ಒಂದೇ ಪರವಾನಗಿಯಲ್ಲಿ ಹತ್ತಾರು ಮೀನು ಬರುವುದುಂಟು, ಆದ್ದರಿಂದ ಲಗತ್ತಿಸಿದ ಚಿಪ್ ಪಟ್ಟಿಯಲ್ಲಿ ನಿಮ್ಮ ಮೀನಿನ ಸಂಖ್ಯೆ ಹುಡುಕಿ. ಬಿಲ್ಲಿನಲ್ಲೂ ಅದೇ ಸಂಖ್ಯೆ ಬರೆಸಿಕೊಳ್ಳಿ. ‘ಅರೋವಾನಾ, ಒಂದು’ ಎಂದಷ್ಟೇ ಬರೆದ ಬಿಲ್ಲು ಕೆಲಸಕ್ಕೆ ಬಾರದು.

ನಮ್ಮ ದೇಶದ ಭಾಗ ಇನ್ನೂ ಹೊಸದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಸೈಟಿಸ್ ಜಾತಿಗಳು ಕಾಯ್ದೆಯ ನಾಲ್ಕನೇ ಶೆಡ್ಯೂಲಿಗೆ ಸೇರಿದವು. 49ಎಂ ಕಲಂ ಪ್ರಕಾರ ಇಂಥ ಜೀವಂತ ಪ್ರಾಣಿ ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಇದರ ನಿಯಮಗಳು ಹೊರಬಿದ್ದದ್ದು 2024ರ ಫೆಬ್ರವರಿ 28ರಂದು. ಮೊದಲೇ ಸಾಕುತ್ತಿದ್ದವರಿಗೆ ಕೊಟ್ಟ ಆರು ತಿಂಗಳ ಗಡುವು ಮುಗಿದಿದೆ; ಈಗ ಕೊಳ್ಳುವವರು ಮೀನು ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅರ್ಜಿ ಹೋಗುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಕರ್ನಾಟಕದಲ್ಲಿ ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಮಾರುವವರ ನೋಂದಣಿ ಮೊದಲೇ ಆಗಿರಬೇಕು. ಅದಿಲ್ಲದಿದ್ದರೆ ಅವರಿಂದ ನಿಮಗೆ ವರ್ಗಾವಣೆ ತೋರಿಸುವುದಾದರೂ ಹೇಗೆ? ಮೀನು ಸತ್ತರೂ ವರದಿ ಕೊಡಬೇಕು. ಮರಿ ಮಾಡಿಸುವ ಆಸೆಯಿದ್ದರೆ 49ಎನ್ ಕಲಂ ಕೆಳಗೆ ಬೇರೆ ಲೈಸೆನ್ಸ್ ಬೇಕು.

ಸಾಕುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: 6 ಅಡಿ ಉದ್ದ, 2.5 ಅಡಿ ಅಗಲದ ಟ್ಯಾಂಕು, ಭಾರದ ಮುಚ್ಚಳ. ಇದು ನೀರಿನಿಂದ ಹೊರಕ್ಕೆ ಜಿಗಿಯುವ ಮೀನು.

ಜೊತೆಗೆ ಕಪ್ಪು ಮೈಯ ಬಿಳಿ ಚುಕ್ಕೆಯ ಸಿಹಿನೀರು ತೊರಕೆ ಇಡುವವರು ಬಹಳ. ಆ ಲಿಯೋಪೋಲ್ಡಿ ತೊರಕೆ, ಕಪ್ಪು-ಬಿಳಿ ಪಟ್ಟೆಯ ಜೀಬ್ರಾ ಪ್ಲೆಕೊ ಮೀನು ಎರಡೂ 2022ರ ಪನಾಮಾ ಸಭೆಯಲ್ಲಿ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿವೆ. ಅವಕ್ಕೂ ಪರವಾನಗಿಯ ಪ್ರತಿ ಕೇಳಿ ಪಡೆಯಿರಿ. ಸಿಂಗಪುರದಿಂದ ಊರಿಗೆ ಮರಳುವ ಕನ್ನಡಿಗರು ‘ಮನೆಸಾಮಾನಿನ ಜೊತೆ ತಂದೆ’ ಎಂದು ಅರೋವಾನಾ ತರಲಾಗದು, ಜೀವಂತ ಪ್ರಾಣಿಗೆ ಆ ವಿನಾಯಿತಿ ಇಲ್ಲ. ಎರಡೂ ದೇಶಗಳ ಪರವಾನಗಿ ಕೈಯಲ್ಲಿದ್ದರಷ್ಟೇ ವಿಮಾನದ ಕಾರ್ಗೋ ಬುಕ್ ಮಾಡಿ.