ಹೋಂಸ್ಟೇ ಬುಕಿಂಗ್ ಆ್ಯಪ್: ವ್ಯವಹಾರ ಸಲೀಸು, ಹುಡುಕಾಟ ಅಡ್ಡದಾರಿ

ಚಿಕ್ಕಮಗಳೂರಿಗೆ ಬರುವ ನೆಂಟರಿಷ್ಟರಿಗೆ ತಂಗಲು ಮನೆ ಗೊತ್ತುಮಾಡಿಕೊಡುವ ಕೆಲಸ ಊರಿನಲ್ಲಿರುವ ನಮ್ಮಂಥವರ ಪಾಲಿಗೇ ಬರುತ್ತದೆ. ಅದಕ್ಕಾಗಿ ನಾನು ಬಹುಕಾಲದಿಂದ ಬಳಸುತ್ತಿರುವ ಬುಕಿಂಗ್ ಆ್ಯಪ್ ಒಂದರಲ್ಲಿ ಹಣ ಪಾವತಿ, ರದ್ದತಿ, ಮಾಲೀಕರೊಂದಿಗಿನ ಮಾತುಕತೆ ಎಲ್ಲವೂ ಸಲೀಸಾಗಿ ನಡೆಯುತ್ತವೆ. ತಂಗಿದ್ದವರಿಗೆ ಮಾತ್ರ ರೇಟಿಂಗ್ ಕೊಡಲು ಬಿಡುವುದೂ ಮೆಚ್ಚತಕ್ಕ ಸಂಗತಿ. ನನ್ನ ತಕರಾರು ಇರುವುದು ಆ ರೇಟಿಂಗನ್ನು ಹುಡುಕಾಟದಲ್ಲಿ ಬಳಸುವ ರೀತಿಯ ಬಗ್ಗೆ.

‘ಮುಳ್ಳಯ್ಯನಗಿರಿ ಹತ್ತಿರ’ ಎಂದು ಹುಡುಕಿದರೆ ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆಗಿರುವ ಎಸ್ಟೇಟ್ ಮನೆಯೊಂದು ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ, ಏಕೆಂದರೆ ಅದಕ್ಕೆ 4.9 ಅಂಕವಿದೆ. ಬೆಳಗಾಗುವ ಹೊತ್ತಿಗೆ ಗಿರಿಯ ಮೇಲಿರಬೇಕೆಂದು ಬಂದವರಿಗೆ ಆ ಮನೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಅವರಿಗೆ ಬೇಕಾದ, ಗಿರಿಗೆ ಹೋಗುವ ದಾರಿಯಲ್ಲಿರುವ ಕೈಮರದ ಬಳಿಯ 4.3 ಅಂಕದ ಮನೆಯನ್ನು ಬೆರಳು ನೋಯುವಷ್ಟು ಕೆಳಗೆ ಜಾರಿಸಿ ಹುಡುಕಬೇಕು. ಗೂಗಲ್ ತನ್ನ ಸ್ಥಳೀಯ ಹುಡುಕಾಟಕ್ಕೆ ಪ್ರಸ್ತುತತೆ, ದೂರ, ಪ್ರಸಿದ್ಧಿ ಎಂಬ ಮೂರು ಆಧಾರಗಳನ್ನು ಹೇಳಿಕೊಂಡಿದೆ. ರೇಟಿಂಗ್ ಮತ್ತು ವಿಮರ್ಶೆಗಳ ಸಂಖ್ಯೆ ಅವುಗಳಲ್ಲಿ ಮೂರನೆಯದರೊಳಗೆ ಸೇರುತ್ತವೆ. ಈ ವಿಂಗಡಣೆ ನನಗೆ ಸರಿಯೆನಿಸುತ್ತದೆ. ಕೇಳಿದ್ದಕ್ಕೆ ಹೊಂದುವ ಮನೆಗಳನ್ನು ಮೊದಲು ಆರಿಸಿ, ಅವುಗಳಲ್ಲಿ ಯಾವುದು ಮುಂದು ಯಾವುದು ಹಿಂದು ಎಂದು ತೀರ್ಮಾನಿಸುವಾಗ ಮಾತ್ರ ನಕ್ಷತ್ರಗಳಿಗೆ ಮಾತಾಡಲು ಬಿಡಬೇಕು.

ಇನ್ನೊಂದು ಕೊರತೆ ಲೆಕ್ಕದ್ದು. ಇಲ್ಲಿ ಎಂಟೇ ಜನ ಐದೈದು ನಕ್ಷತ್ರ ಕೊಟ್ಟ ಹೊಸ ಮನೆ, ಇನ್ನೂರು ಜನರಿಂದ 4.6 ಸರಾಸರಿ ಪಡೆದ ಹಳೆಯ ಮನೆಯನ್ನು ಹಿಂದಿಕ್ಕುತ್ತದೆ. ಆ ಎಂಟರಲ್ಲಿ ಮಾಲೀಕರ ಬಂಧುಗಳೆಷ್ಟು ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಪರಿಹಾರ ಹೊಸದೇನಲ್ಲ: ಪ್ರತಿ ಮನೆಗೂ ಐವತ್ತು ಸಾಧಾರಣ ರೇಟಿಂಗ್ ಮೊದಲೇ ಇವೆಯೆಂದು, ಅವುಗಳ ಸರಾಸರಿ 4.2 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ಹೊಸ ಮನೆಗೆ 4.31, ಹಳೆಯ ಮನೆಗೆ 4.52 ಬರುತ್ತದೆ. ಕಡಿಮೆ ಮತಗಳಿಂದ ತೀರ್ಮಾನಿಸುವಾಗ ಎಷ್ಟು ಎಚ್ಚರ ಬೇಕೆಂಬುದಕ್ಕೆ ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲೇ ಸೂತ್ರ ಕೊಟ್ಟಿದ್ದಾರೆ. ಹಾಗೆಂದು ಹೊಸಬರನ್ನು ಕೆಳಗೇ ಕೂರಿಸಿದರೆ ಅವರಿಗೆ ಅತಿಥಿಗಳೂ ಬರುವುದಿಲ್ಲ, ರೇಟಿಂಗೂ ಬರುವುದಿಲ್ಲ; ಆದ್ದರಿಂದ ಒಂದೆರಡು ಜಾಗವನ್ನು ಅವರಿಗೆಂದೇ ಬಿಡುವುದು ನ್ಯಾಯ.

ಮಲೆನಾಡಿನ ಮಟ್ಟಿಗೆ ಇದಕ್ಕಿಂತ ದೊಡ್ಡ ತೊಡಕು ಋತುಮಾನದ್ದು. ಜನವರಿಯಲ್ಲಿ ಬಂದವರು ಬಿಸಿಲು ಕಾಯಿಸುತ್ತ ಅಕ್ಕಿರೊಟ್ಟಿ ತಿಂದು ಐದು ನಕ್ಷತ್ರ ಕೊಟ್ಟು ಹೋಗುತ್ತಾರೆ. ಜುಲೈಯಲ್ಲಿ ಬಂದವರ ಕಾರು ಅದೇ ಮನೆಯ ಮಣ್ಣಿನ ದಾರಿಯಲ್ಲಿ ಹೂತುಹೋಗುತ್ತದೆ, ಕರೆಂಟ್ ಇರುವುದಿಲ್ಲ, ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತದೆ. ಎರಡು ನಕ್ಷತ್ರ ಬೀಳುತ್ತದೆ. ದಾರಿ ಸರಿಯಿಲ್ಲದಿರುವುದು ಮಾಲೀಕರು ಮೊದಲೇ ತಿಳಿಸಬೇಕಾದ ವಿಷಯ, ಇಂಬಳಕ್ಕೆ ಮಾತ್ರ ಅವರೇನು ಮಾಡಿಯಾರು? ಆ್ಯಪ್ ಇವೆಲ್ಲವನ್ನೂ ಕಲಸಿ ಒಂದೇ ಅಂಕೆ ಮಾಡುತ್ತದೆ, ಮಳೆಗಾಲದ ದಿನಾಂಕ ಕೊಟ್ಟು ಹುಡುಕಿದರೂ ಚಳಿಗಾಲದ ಹೊಗಳಿಕೆಯನ್ನೇ ಮುಂದೊಡ್ಡುತ್ತದೆ. ಹುಡುಕುವ ತಿಂಗಳಿಗೆ ಹತ್ತಿರದ ವಿಮರ್ಶೆಗಳಿಗೆ ಹೆಚ್ಚು ತೂಕ ಕೊಡುವುದು ಅಸಾಧ್ಯವೇನಲ್ಲ, ಪ್ರತಿ ವಿಮರ್ಶೆಯ ಮೇಲೂ ದಿನಾಂಕವಿದೆ.

ಪಟ್ಟಿಯಲ್ಲಿ ಮಾರಾಟಗಾರರು ಮೇಲೆ-ಕೆಳಗೆ ಬರುವ ಕ್ರಮವನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನೂ ಅವುಗಳ ಪರಸ್ಪರ ಮಹತ್ವವನ್ನೂ ಸರಳ ಭಾಷೆಯಲ್ಲಿ ಪ್ರಕಟಿಸಬೇಕೆಂದು 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ಆನ್‌ಲೈನ್ ಮಾರುಕಟ್ಟೆಗಳಿಗೆ ಹೇಳುತ್ತವೆ. ಈ ಆ್ಯಪ್‌ನ ಸಹಾಯ ಪುಟದಲ್ಲಿ ನನಗೆ ಸಿಕ್ಕಿದ್ದು ‘ಗುಣಮಟ್ಟ ಮತ್ತು ಇತರ ಅಂಶಗಳು’ ಎಂಬರ್ಥದ ಒಂದು ವಾಕ್ಯ. ಆ ‘ಇತರ’ದಲ್ಲಿ ಕಮಿಷನ್ನೂ ಸೇರಿದೆಯೇ ಎಂದು ಬರೆದು ಕೇಳಿದ್ದಕ್ಕೆ ಧನ್ಯವಾದದ ಸಂದೇಶ ಬಂತು, ಉತ್ತರ ಬರಲಿಲ್ಲ.

ಬುಕಿಂಗ್ ವ್ಯವಸ್ಥೆಗೆ ನಾಲ್ಕು ನಕ್ಷತ್ರ, ಹುಡುಕಾಟಕ್ಕೆ ಎರಡು. ಬಳಸುವವರು ನಕ್ಷೆ ತೆರೆದು ಮೊದಲು ದೂರ ನೋಡಿಕೊಳ್ಳಿ, ಆಮೇಲೆ ತಾವು ಹೊರಟ ತಿಂಗಳಿನ ಕಡಿಮೆ ಅಂಕದ ವಿಮರ್ಶೆಗಳನ್ನು ಓದಿ, ದಾರಿಯ ಸ್ಥಿತಿಯನ್ನು ಮಾಲೀಕರಿಗೇ ಫೋನ್ ಮಾಡಿ ಕೇಳಿ.