ಪೈಥಾನ್ ಸೆಷನ್ ಉಳಿಸಾಕ ಡಿಲ್ ಲೈಬ್ರರಿ: ಕರೆಂಟ್ ಕೈಕೊಡೋ ಊರಿನವ್ರು ಹಾಕ್ಕೊಳ್ಳಾಕ ಬೇಕು

ಧಾರವಾಡದ ಮಳಿಗಾಲದಾಗ, ಬ್ರೌಸರಿನ್ಯಾಗ ಪೈಥಾನ್ ಕೋಡ್ ಬರದು ಓಡಿಸೋ ಜುಪಿಟರ್ ನೋಟ್‌ಬುಕ್ ಮ್ಯಾಲೆ ಕೆಲಸ ಮಾಡೋರಿಗೆಲ್ಲ ನಾ ಹೇಳೂದು ಒಂದ, ಡಿಲ್ ಹಾಕ್ಕೊರಿ. ಪೈಥಾನ್ ಸೆಷನ್, ಅಂದ್ರ ಆ ಹೊತ್ತಿಗೆ ಮೆಮೊರಿಯಾಗ ಇರೋ ವೇರಿಯೇಬಲ್ಲು ಫಂಕ್ಷನ್ನು, ಒಂದು ಫೈಲಿಗೆ ಉಳಿಸೋ ಲೈಬ್ರರಿ ಇದು. ಫ್ರೀ ಐತಿ, ಪಿಪ್‌ನಿಂದ ಇನ್‌ಸ್ಟಾಲ್ ಆಗ್ತೈತಿ.

ನೋಟ್‌ಬುಕ್ ಸೇವ್ ಆಗೇತಲ್ಲ ಮತ್ತೇನು ಅಂತಾರ ಭಾಳ ಮಂದಿ, ಆದ್ರ ಆ ಫೈಲಿನ್ಯಾಗ ಇರೂದು ಕೋಡು ಮತ್ತ ಔಟ್‌ಪುಟ್ ಅಷ್ಟ, ವೇರಿಯೇಬಲ್ ಎಲ್ಲಾ ಕರ್ನಲ್ (ಹಿಂದ ಕೋಡ್ ಓಡಿಸೋ ಪ್ರೋಗ್ರಾಮ್) ಮೆಮೊರಿಯಾಗ ಇರ್ತಾವ, ಬ್ರೌಸರ್ ಟ್ಯಾಬ್ ಮುಚ್ಚಿದ್ರ ಏನೂ ಆಗಂಗಿಲ್ಲ ಆದ್ರ ಕರೆಂಟ್ ಹೋಗಿ ಸಿಸ್ಟಮ್ ಬಂದಾತಂದ್ರ ಎಲ್ಲಾ ಹೋತು.

ನಂದು ಬ್ಯಾಡಗಿ ಮೆಣಸಿನಕಾಯಿ ರೇಟಿನ ಕೆಲಸ, ಡಬ್ಬಿ, ಕಡ್ಡಿ ಅನ್ನೋ ತಳಿ ಬ್ಯಾರೆ ಬ್ಯಾರೆ ಮಾಡಿ, ತಾರೀಖು ಸರಿಮಾಡಿ, ಮಾಡೆಲ್ ಟ್ರೇನ್ ಮಾಡೂದ್ರಾಗ ಅರ್ಧ ದಿನ ಹೋಗ್ತೈತಿ. ಡಿಲ್‌ನ ಡಂಪ್_ಸೆಷನ್‌ಗೆ ಫೈಲ್ ಹೆಸರು ಕೊಟ್ಟಿಟ್ರ ಮುಂಜಾನೆ ಲೋಡ್_ಸೆಷನ್ ಅಂದ್ಕೂಡ್ಲೇ ಟೇಬಲ್ಲು, ಮಾಡೆಲ್ಲು, ನಡುವ ಬರೆದ ಸಣ್ಣ ಫಂಕ್ಷನ್ ಸುದ್ದಾ ಹಂಗ ಬರ್ತಾವ. ಪೈಥಾನ್ ಜೋಡಿ ಬರೋ ಪಿಕಲ್‌ಗೆ ಇದು ಆಗಂಗಿಲ್ರಿ, ಅದು ಫಂಕ್ಷನ್ ಹೆಸರಷ್ಟ ಬರಕೊಳ್ತೈತಿ, ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್) ಕೊಟ್ರಂತೂ ಎರರ್. ಡಿಲ್ ಫಂಕ್ಷನ್ನಿನ ಕೋಡನ್ನ ಫೈಲಿಗೆ ಹಾಕ್ತೈತಿ. ಡಿಲ್ 0.3.6 ವರ್ಷನ್ನಿಂದ ಡಂಪ್_ಸೆಷನ್, ಲೋಡ್_ಸೆಷನ್ ಎರಡಕ್ಕೂ ಡಂಪ್_ಮಾಡ್ಯೂಲ್, ಲೋಡ್_ಮಾಡ್ಯೂಲ್ ಅಂತ ಹೊಸ ಹೆಸರು ಬಂದಾವ.

ಫೈಲ್ ಹೆಸರು ಮಾತ್ರ ಮರೀದ ಕೊಡ್ರಿ. ಕೊಡಲಿಲ್ಲಂದ್ರ ಟೆಂಪ್ ಫೋಲ್ಡರಿನ್ಯಾಗ ಸೆಷನ್.ಪಿಕೆಎಲ್ ಅಂತ ಕುಂದರ್ತೈತಿ, ಉಬುಂಟು ರೀಬೂಟ್ ಆದಾಗ ಆ ಫೋಲ್ಡರ್ ಖಾಲಿ ಮಾಡ್ತೈತಿ, ಅಂದ್ರ ಕರೆಂಟ್ ಹೋಗಿ ಬಂದಾಗ ಬೇಕಾದ ಫೈಲ ಇರಂಗಿಲ್ಲ! ಮತ್ತ ಇದು ತಾನಾಗೇ ಸೇವ್ ಮಾಡಂಗಿಲ್ಲ, ಟ್ರೇನಿಂಗ್ ಸೆಲ್ಲಿನ ಕೆಳಗ ಡಂಪ್ ಲೈನ್ ಬರದಿಡೂದು ಚಲೋ.

ಬೇಜಾರಿನ ವಿಷಯ ಅಂದ್ರ ಒಂದ ಒಂದು ಪೈಥಾನ್ ಜನರೇಟರ್ (ಕೇಳಿದಾಗ ಒಂದೊಂದ ಬೆಲೆ ಕೊಡೋ ಆಬ್ಜೆಕ್ಟ್) ಇಲ್ಲಾ ಎಸ್‌ಕ್ಯೂಲೈಟ್ ಡೇಟಾಬೇಸಿನ ಕನೆಕ್ಷನ್ ತೆರೆದು ಉಳಿದಿದ್ರ ಇಡೀ ಡಂಪ್ ಎರರ್ ಕೊಟ್ಟು ನಿಲ್ತೈತಿ. ಅಂಥಾವನ್ನ ಮೊದಲ ಪೈಥಾನಿನ ಡೆಲ್‌ನಿಂದ ತಗದು ಹಾಕ್ರಿ, ಕನೆಕ್ಷನ್ ಮರುದಿನ ಹೊಸದಾಗಿ ತೆರೀರಿ. ಇಂಥಾದ್ದು ಬಿಟ್ಟು ಉಳಿದದ್ದನ್ನಾದ್ರೂ ಉಳಿಸೋ ಹಂಗ ಮಾಡಿದ್ರ ಭಾಳ ಉಪಕಾರ ಆಗ್ತಿತ್ತು. ಯಾರೋ ವಾಟ್ಸಾಪಿನ್ಯಾಗ ಕಳಿಸಿದ ಸೆಷನ್ ಫೈಲ್ ಲೋಡ್ ಮಾಡಾಕ ಹೋಗಬ್ಯಾಡ್ರಿ, ಲೋಡ್ ಆಗೂ ಹೊತ್ತಿನ್ಯಾಗ ಅದ್ರೊಳಗಿನ ಯಾವ ಕೋಡ್ ಬೇಕಾದ್ರೂ ನಿಮ್ಮ ಸಿಸ್ಟಮಿನ್ಯಾಗ ಓಡಬಹುದು.

ಆರ್ ಅನ್ನೋ ಭಾಷಾ ಬಳಸೋರಿಗೆ ಡಿಲ್ ಗರಜಿಲ್ಲ, ಅದು ಹೊರಗ ಬರೂಮುಂದ ವರ್ಕ್‌ಸ್ಪೇಸ್ ಉಳಿಸ್ಲೇನು ಅಂತ ತಾನ ಕೇಳ್ತೈತಿ, ಆದ್ರ ಕರೆಂಟ್ ಒಮ್ಮಿಂದೊಮ್ಮೆ ಹೋದ್ರ ಅದೂ ಕೇಳಂಗಿಲ್ಲ.

ಪೈಥಾನ್ ವರ್ಷನ್ ಬದಲಾದ್ರ ಹಳೇ ಸೆಷನ್ ತೆರೀತೈತಿ ಅನ್ನೋ ಗ್ಯಾರಂಟಿ ಇಲ್ಲ, ಅದಕ್ಕ ಇವತ್ತಿನ ಕೆಲಸ ನಾಳೆಗೆ ದಾಟಿಸಾಕ ಡಿಲ್, ಕ್ಲೀನ್ ಮಾಡಿದ ರೇಟಿನ ಟೇಬಲ್ ಮಾತ್ರ ನಾ ಪಾರ್ಕೆಟ್ ಅನ್ನೋ ಟೇಬಲ್ ಇಡೋ ನಮೂನಿ ಫೈಲಿನ್ಯಾಗ ಬ್ಯಾರೆನ ಇಡ್ತೀನಿ.